ಭೌತಶಾಸ್ತ್ರದ ಅಂತಿಮ ಗ್ರೇಡ್ ಯಾವ ಲೆಕ್ಕದಿಂದ ಬರುತ್ತದೆ?

ಪ್ರಶ್ನೆ: ಬಿ.ಎಸ್ಸಿ. ವಿದ್ಯಾರ್ಥಿನಿ, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ, ಭೌತಶಾಸ್ತ್ರ ಮತ್ತು ಗಣಿತ ನನ್ನ ಮುಖ್ಯ ವಿಷಯಗಳು. ಕಳೆದ ಸೆಮಿಸ್ಟರಿನಲ್ಲಿ ಭೌತಶಾಸ್ತ್ರದ ಥಿಯರಿಗೆ ಬಿ ಪ್ಲಸ್, ಅಂದರೆ 7 ಗ್ರೇಡ್ ಪಾಯಿಂಟ್, ಪ್ರಾಯೋಗಿಕಕ್ಕೆ ಓ, ಅಂದರೆ 10 ಬಂದಿದೆ. ಎರಡರ ಸರಾಸರಿ 8.5 ಆಗುತ್ತದೆ, ಆದರೆ ಕಾಲೇಜಿನಲ್ಲಿ ವಿಚಾರಿಸಿದಾಗ ಎರಡೂ ಸೇರಿ 8 ಎಂದರು. ಇನ್ನೊಂದು ಸಂಗತಿಯೂ ಇದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ (ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ) ಓದುವ ನನ್ನ ದೊಡ್ಡಮ್ಮನ ಮಗನಿಗೆ 62 ಅಂಕಕ್ಕೆ ಎಬಿ ಗ್ರೇಡ್, ಅಂದರೆ ಅಲ್ಲಿ ಮೇಲಿನಿಂದ ಎರಡನೆಯದು, ಸಿಕ್ಕಿದೆ. ನಮ್ಮಲ್ಲಿ ಅಷ್ಟೇ ಅಂಕಕ್ಕೆ ಅಷ್ಟು ಮೇಲಿನ ಗ್ರೇಡ್ ಬರುವುದಿಲ್ಲ. ಇಂಟರ್ನಲ್ ಟೆಸ್ಟಿನಲ್ಲಿ ಕಳೆದುಕೊಂಡ ಅಂಕ ಕೊನೆಯ ಗ್ರೇಡಿನಲ್ಲಿ ಎಷ್ಟು ಪೆಟ್ಟು ಕೊಡುತ್ತದೆ ಎಂಬುದನ್ನೂ ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಭೌತಶಾಸ್ತ್ರ ಉಪನ್ಯಾಸಕಿ, ಉಡುಪಿ

ನಿಮಗೆ ಹೇಳಿದ 8 ಸರಿಯಾಗಿದೆ. ಗ್ರೇಡ್ ಪಾಯಿಂಟುಗಳನ್ನು ಹಾಗೆಯೇ ಕೂಡಿಸಿ ಎರಡರಿಂದ ಭಾಗಿಸುವ ಕ್ರಮವಿಲ್ಲ. ಪ್ರತಿಯೊಂದನ್ನೂ ಅದರ ಕ್ರೆಡಿಟ್‌ನಿಂದ (ಅಂದರೆ ಅದಕ್ಕೆ ನಿಗದಿಯಾದ ತೂಕದಿಂದ) ಗುಣಿಸಿ, ಬಂದ ಮೊತ್ತವನ್ನು ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಬೇಕು. ನಿಮ್ಮ ಥಿಯರಿಗೆ 4 ಮತ್ತು ಪ್ರಾಯೋಗಿಕಕ್ಕೆ 2 ಕ್ರೆಡಿಟ್ ಇದ್ದರೆ 7ನ್ನು 4ರಿಂದ ಗುಣಿಸಿದಾಗ 28, 10ನ್ನು 2ರಿಂದ ಗುಣಿಸಿದಾಗ 20, ಒಟ್ಟು 48. ಅದನ್ನು 6ರಿಂದ ಭಾಗಿಸಿದರೆ 8. ಸೆಮಿಸ್ಟರಿನ ಎಲ್ಲ ವಿಷಯಗಳನ್ನೂ ಹೀಗೆಯೇ ಸೇರಿಸಿದರೆ ಎಸ್‌ಜಿಪಿಎ, ಅಂದರೆ ಆ ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟ್, ಸಿಗುತ್ತದೆ.

ವಾರಕ್ಕೆ ನಾಲ್ಕು ಗಂಟೆ ಲ್ಯಾಬಿನಲ್ಲಿ ನಿಂತು ಕೆಲಸ ಮಾಡಿದರೂ ಪ್ರಾಯೋಗಿಕಕ್ಕೆ ಅರ್ಧ ತೂಕವೇ ಏಕೆ ಎಂದು ಅನೇಕ ವಿದ್ಯಾರ್ಥಿಗಳು ಕೇಳುತ್ತಾರೆ. ಯುಜಿಸಿ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) ಹೇಳುವ ಪ್ರಕಾರ ವಾರಕ್ಕೆ ಒಂದು ಗಂಟೆಯ ಪಾಠ ಅಥವಾ ಎರಡು ಗಂಟೆಯ ಪ್ರಾಯೋಗಿಕ ಕೆಲಸ ಒಂದು ಕ್ರೆಡಿಟ್‌ಗೆ ಸಮ. ಪ್ರಯೋಗವನ್ನೇ ಆಧಾರವಾಗಿಟ್ಟುಕೊಂಡ ಶಾಸ್ತ್ರದಲ್ಲಿ ಈ ಅನುಪಾತ ಪ್ರಾಯೋಗಿಕಕ್ಕೆ ನ್ಯಾಯ ಒದಗಿಸುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ನಿಯಮ ಇರುವುದು ಹೀಗೆ. ಓ, ಎ ಪ್ಲಸ್, ಎ, ಬಿ ಪ್ಲಸ್ ಎಂದು ಸಾಗುವ ಹತ್ತು ಪಾಯಿಂಟುಗಳ ಶ್ರೇಣಿಯೂ ಯುಜಿಸಿ ಸೂಚಿಸಿದ್ದೇ. ಯಾವ ಅಕ್ಷರಕ್ಕೆ ಎಷ್ಟು ಅಂಕ ಬೇಕೆಂಬುದನ್ನು ಮಾತ್ರ ಆಯಾ ವಿಶ್ವವಿದ್ಯಾನಿಲಯದ ನಿಯಮಾವಳಿಯಲ್ಲಿ ನೋಡಬೇಕು.

ಇನ್ನು ಇಂಟರ್ನಲ್ ವಿಚಾರ. ರಾಜ್ಯದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಯಾದಾಗ ಪರೀಕ್ಷೆಗೆ 60, ಆಂತರಿಕ ಮೌಲ್ಯಮಾಪನಕ್ಕೆ 40 ಎಂಬ ಹಂಚಿಕೆ ಬಂದಿತ್ತು. 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದ ಮೇಲೆ ಪಠ್ಯಕ್ರಮವೂ ಹೊಸದಾಯಿತು. ಆದ್ದರಿಂದ ಸೀನಿಯರ್‌ಗಳ ಲೆಕ್ಕವನ್ನು ನಂಬದೆ, ನಿಮ್ಮ ಬ್ಯಾಚಿನ ಪಠ್ಯಕ್ರಮದಲ್ಲಿರುವ ಪರೀಕ್ಷಾ ಯೋಜನೆಯ ಪುಟವನ್ನು ಮೊದಲು ತೆರೆಯಿರಿ. ಉದಾಹರಣೆಗೆ, ಪರೀಕ್ಷೆಗೆ 80, ಇಂಟರ್ನಲ್‌ಗೆ 20 ಇದೆ ಎನ್ನಿ. ಆ 20ರಲ್ಲಿ 15 ಎರಡು ಟೆಸ್ಟುಗಳಿಗೆ, 5 ಅಸೈನ್‌ಮೆಂಟಿಗೆ. ಟೆಸ್ಟುಗಳು ತಲಾ 40 ಅಂಕದವು ಎಂದಿಟ್ಟುಕೊಳ್ಳೋಣ. ಎರಡರ ಸರಾಸರಿಯನ್ನು 15ಕ್ಕೆ ಇಳಿಸುವುದರಿಂದ, ಒಂದು ಟೆಸ್ಟಿನಲ್ಲಿ ಹೋದ ಒಂದು ಅಂಕ ಕೊನೆಯ ನೂರರಲ್ಲಿ ಸುಮಾರು 0.19 ಮಾತ್ರ. ಅದಕ್ಕಾಗಿ ಕೊರಗಬೇಕಾದ್ದಿಲ್ಲ. ಆದರೆ ಒಂದು ಟೆಸ್ಟಿಗೆ ಹಾಜರಾಗದೇ ಇದ್ದರೆ ಒಮ್ಮೆಗೇ 7.5 ಅಂಕ ಹೋಗುತ್ತದೆ, ಮತ್ತು ಅಷ್ಟು ಅಂಕ ಗ್ರೇಡನ್ನು ಒಂದು ಮೆಟ್ಟಿಲು ಕೆಳಗಿಳಿಸಲು ಅನೇಕ ಸಲ ಸಾಕು.

ಉತ್ತರ 2: ಅಂತಿಮ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿ, ಮಂಗಳೂರು

ಮೇಡಂ ಹೇಳಿದ್ದಕ್ಕೆ ಪ್ರಾಯೋಗಿಕ ಪರೀಕ್ಷೆಯ ಒಂದು ಮಾತನ್ನು ಸೇರಿಸುತ್ತೇನೆ. ಅಲ್ಲಿ ಉತ್ತರ ಸರಿ ಬಂದರೆ ಪೂರ್ತಿ ಅಂಕ ಎಂಬ ಭಾವನೆ ಹಲವರಲ್ಲಿದೆ. ನಿಜದಲ್ಲಿ ಸೂತ್ರ, ಚಿತ್ರ ಅಥವಾ ಸರ್ಕ್ಯೂಟ್, ರೀಡಿಂಗ್‌ಗಳ ಕೋಷ್ಟಕ, ಗ್ರಾಫ್, ಲೆಕ್ಕ, ಏಕಮಾನ ಸಹಿತ ಫಲಿತಾಂಶ, ರೆಕಾರ್ಡ್, ವೈವಾ ಹೀಗೆ ಅಂಕಗಳು ಹಂಚಿಹೋಗಿರುತ್ತವೆ. ಸ್ಪೆಕ್ಟ್ರೋಮೀಟರಿನ ಲೀಸ್ಟ್ ಕೌಂಟ್ (ಆ ಉಪಕರಣ ಅಳೆಯಬಲ್ಲ ಅತಿ ಸಣ್ಣ ಅಳತೆ) ಬರೆಯದೆ ನೇರವಾಗಿ ಕೋನವನ್ನು ಬರೆದವರು, ಫಲಿತಾಂಶ ಸರಿಯಿದ್ದರೂ ಅಂಕ ಕಳೆದುಕೊಳ್ಳುತ್ತಾರೆ. ರೀಡಿಂಗ್ ಸ್ವಲ್ಪ ತಪ್ಪಿದರೂ ಕ್ರಮವಾಗಿ ಮಾಡಿದವರಿಗೆ ಬಹುಪಾಲು ಅಂಕ ಉಳಿಯುತ್ತದೆ. ರೆಕಾರ್ಡಿಗೆ ವಾರವಾರವೂ ಸಹಿ ಹಾಕಿಸಿಕೊಳ್ಳಿ, ಕೊನೆಯ ವಾರಕ್ಕೆ ಬಿಡಬೇಡಿ.

ಉತ್ತರ 3: ಇಂಜಿನಿಯರ್, ಮಣಿಪಾಲ

ನಿಮ್ಮ ಅಣ್ಣನ ಗ್ರೇಡಿನ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ಇರುವುದು ನಿಗದಿತ ಗಡಿಗಳ ಪದ್ಧತಿ. ಅಲ್ಲಿ ತರಗತಿಯ ಉಳಿದವರು ಹೇಗೆ ಬರೆದರು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಎನ್‌ಐಟಿಕೆಯಂಥ ಸಂಸ್ಥೆಗಳಲ್ಲಿ ಸಾಪೇಕ್ಷ ಗ್ರೇಡಿಂಗ್ ಇದೆ, ಅಂದರೆ ಇಡೀ ತರಗತಿಯ ಅಂಕಗಳ ಹರವನ್ನು ನೋಡಿ ಗಡಿಗಳನ್ನು ಹಾಕುತ್ತಾರೆ. ತರಗತಿಯ ಸರಾಸರಿ 45, ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) 12 ಆಗಿದ್ದರೆ 62 ಪಡೆದವನು ಸರಾಸರಿಗಿಂತ 1.4 ವಿಚಲನೆಯಷ್ಟು ಮೇಲಿರುತ್ತಾನೆ, ಹಾಗಾಗಿ ಮೇಲಿನ ಗ್ರೇಡ್ ಸಹಜ. ಸರಾಸರಿ 70 ಆಗಿದ್ದರೆ ಅದೇ 62 ಅಂಕಕ್ಕೆ ಸಾಧಾರಣ ಗ್ರೇಡ್ ಕೂಡ ಕಷ್ಟ. ಪ್ರಶ್ನೆಪತ್ರಿಕೆ ವಿಪರೀತ ಕಠಿಣವಾದಾಗ ಈ ಪದ್ಧತಿ ವಿದ್ಯಾರ್ಥಿಯನ್ನು ಕಾಪಾಡುತ್ತದೆ. ಇಪ್ಪತ್ತೋ ಮೂವತ್ತೋ ಮಂದಿಯ ಸಣ್ಣ ತರಗತಿಯಲ್ಲಿ ಮಾತ್ರ ಸರಾಸರಿ ಮತ್ತು ವಿಚಲನೆಗಳು ಕೆಲವೇ ಜನರ ಅಂಕದಿಂದ ಏರುಪೇರಾಗುವುದರಿಂದ, ಅಲ್ಲಿ ಇದನ್ನು ಯಾಂತ್ರಿಕವಾಗಿ ಬಳಸುವುದನ್ನು ನಾನು ಒಪ್ಪುವುದಿಲ್ಲ. ಎರಡು ಪದ್ಧತಿಗಳ ಗ್ರೇಡುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಬರುವುದಿಲ್ಲ. ಆದ್ದರಿಂದ ಮನೆಯಲ್ಲಿ ಯಾರಾದರೂ ಹೋಲಿಸಿದರೆ ದಯವಿಟ್ಟು ಬೇಸರಿಸಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಈ ಸಲ ಥಿಯರಿಯ ಇಂಟರ್ನಲ್‌ನಲ್ಲಿ ನನಗೆ 20ಕ್ಕೆ 17 ಬಂದಿದೆ. ನಮ್ಮ ಎ ಗ್ರೇಡ್ 70ರಿಂದ ಆರಂಭವಾಗುತ್ತದೆ. ಹಾಗಾದರೆ 80ರ ಪರೀಕ್ಷೆಯಲ್ಲಿ 53 ಬಂದರೆ ಸಾಕೇ?

ಉತ್ತರ 1ನ್ನು ಬರೆದವರು

ಹೌದು, 53 ಸಾಕು. ಅದು ಶೇಕಡಾ 66ರಷ್ಟಾಯಿತು. ಆದರೂ 58ರ ಆಸುಪಾಸನ್ನು ಗುರಿಯಾಗಿಟ್ಟುಕೊಳ್ಳಿ, ಏಕೆಂದರೆ ಭೌತಶಾಸ್ತ್ರದ ಪತ್ರಿಕೆಯಲ್ಲಿ ಒಂದು ಲೆಕ್ಕದ ದಾರಿ ತಪ್ಪಿದರೂ ನಾಲ್ಕೈದು ಅಂಕ ಹೋಗುತ್ತದೆ. ಪರೀಕ್ಷೆಯೊಂದರಲ್ಲೇ ತೇರ್ಗಡೆಗೆ ಬೇಕಾದ ಪ್ರತ್ಯೇಕ ಕನಿಷ್ಠ ಅಂಕ ಎಷ್ಟೆಂಬುದನ್ನೂ ಪರೀಕ್ಷಾ ಯೋಜನೆಯ ಅದೇ ಪುಟದಲ್ಲಿ ನೋಡಿಕೊಳ್ಳಿ. ಅದನ್ನು ಮುಟ್ಟದಿದ್ದರೆ ಇಂಟರ್ನಲ್ ಅಂಕ ಎಷ್ಟಿದ್ದರೂ ಪ್ರಯೋಜನವಿಲ್ಲ. ಫಲಿತಾಂಶದ ಬಳಿಕ ಸಂಶಯವಿದ್ದರೆ ಥಿಯರಿ ಉತ್ತರಪತ್ರಿಕೆಯ ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸಬಹುದು. ಇಂಟರ್ನಲ್ ಅಂಕದಲ್ಲಿ ವ್ಯತ್ಯಾಸ ಕಂಡರೆ ಮಾತ್ರ ಕಾಯಬೇಡಿ. ಪಟ್ಟಿ ವಿಶ್ವವಿದ್ಯಾನಿಲಯಕ್ಕೆ ಹೋಗುವ ಮುಂಚೆಯೇ, ಟೆಸ್ಟಿನ ಉತ್ತರಪತ್ರಿಕೆಯನ್ನು ಹಿಡಿದುಕೊಂಡು ವಿಭಾಗದ ಮುಖ್ಯಸ್ಥರನ್ನು ಕಾಣಿರಿ.