ಅಡಿಕೆ ಮೂಟೆ ಲೆಕ್ಕ: 62ಕ್ಕೆ 58 ಕೂಡಿದರೆ 6258 ಯಾಕೆ ಬಂತು?

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ. ಅಡಿಕೆ ಮೂಟೆಗಳ ತೂಕ ಕೂಡೋಕೆ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದೆ, 62 ಮತ್ತು 58 ಕೊಟ್ಟರೆ 120ರ ಬದಲು 6258 ಬರುತ್ತಿದೆ ಅಂದಿದ್ದೀಯ. ತುಂಬಾ ಒಳ್ಳೆ ಪ್ರಶ್ನೆ, ಅದಕ್ಕೇ ಗುಂಪಿನಲ್ಲೇ ಉತ್ತರ ಹೇಳುತ್ತಿದ್ದೇನೆ. ಉಳಿದ ಮಕ್ಕಳೂ ಕೇಳಿಸಿಕೊಳ್ಳಲಿ.

ತೂಕ ಕೇಳೋಕೆ ಇನ್‌ಪುಟ್, ಅಂದರೆ ಕೀಲಿಮಣೆಯಲ್ಲಿ ಒತ್ತಿದ್ದನ್ನು ಓದಿಕೊಳ್ಳುವ ಆದೇಶ, ಬಳಸಿದ್ದೀಯ ಅಲ್ವಾ? ಇನ್‌ಪುಟ್‌ನಿಂದ ಬರುವುದೆಲ್ಲ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ನೀನು ಅಂಕೆಯನ್ನೇ ಒತ್ತಿದರೂ ಅಷ್ಟೇ. ಎರಡು ಸ್ಟ್ರಿಂಗ್ ನಡುವೆ ಪ್ಲಸ್ ಹಾಕಿದರೆ ಪೈಥಾನ್ ಕೂಡುವುದಿಲ್ಲ, ಒಂದರ ಪಕ್ಕ ಇನ್ನೊಂದನ್ನು ಜೋಡಿಸುತ್ತದೆ. ಆ ಇನ್‌ಪುಟ್ ಭಾಗವನ್ನು ಪೂರ್ತಿಯಾಗಿ ಫ್ಲೋಟ್‌ನ ಬ್ರಾಕೆಟ್ ಒಳಗೆ ಇಡು, ಸರಿಹೋಗುತ್ತದೆ. ಫ್ಲೋಟ್ ಅಂದರೆ ದಶಮಾಂಶ ಇರುವ ಸಂಖ್ಯೆ, ಇಂಟ್ ಅಂದರೆ ಪೂರ್ಣ ಸಂಖ್ಯೆ. ಇಂಟ್ ಹಾಕಿದರೂ ಇವತ್ತು 120 ಬರುತ್ತದೆ. ಆದರೆ ನಾಳೆ ಅಪ್ಪ 62.5 ಅಂದರೆ ಇಂಟ್ ಅದನ್ನು ಒಪ್ಪದೆ ವ್ಯಾಲ್ಯೂ ಎರರ್ ಕೊಡುತ್ತದೆ. ಮೂಟೆ ಎಷ್ಟು ಅಂತ ಎಣಿಸೋಕೆ ಇಂಟ್, ತೂಕಕ್ಕೆ ಫ್ಲೋಟ್.

ಹಾಗಂತ ಅಂಕೆ ಕಂಡ ಕಡೆಯೆಲ್ಲ ಇಂಟ್ ಮಾಡಬೇಡ. ಇದು ಮುಖ್ಯ. ಪಹಣಿಯಲ್ಲಿ ಸರ್ವೆ ನಂಬರ್ 45/2 ಅಂತ ಇದೆ ಅಂದುಕೋ. ಅದನ್ನು ಕೋಟ್ಸ್ (ಉದ್ಧರಣ ಚಿಹ್ನೆ) ಇಲ್ಲದೆ ಬರೆದರೆ ಪೈಥಾನ್ ಭಾಗಾಕಾರ ಮಾಡಿ 22.5 ಅನ್ನುತ್ತದೆ. ಶಿವಮೊಗ್ಗದ ಎಸ್‌ಟಿಡಿ ಕೋಡ್ 08182 ನೋಡು. ಇನ್‌ಪುಟ್‌ನಿಂದ ತೆಗೆದುಕೊಂಡು ಇಂಟ್ ಮಾಡಿದರೆ ಮುಂದಿನ ಸೊನ್ನೆ ಹೋಗಿ 8182 ಉಳಿಯುತ್ತದೆ. ಪಿನ್‌ಕೋಡ್ 577201 ಕೂಡ ಹಾಗೇ, ಅದನ್ನು ಯಾರೂ ಇನ್ನೊಂದು ಪಿನ್‌ಕೋಡ್‌ಗೆ ಕೂಡುವುದಿಲ್ಲ. ಕೂಡಿ ಕಳೆಯುವ ಕೆಲಸ ಇದೆಯಾ ಅಂತ ಮೊದಲು ಕೇಳಿಕೋ. ಇಲ್ಲ ಅಂದರೆ ಸ್ಟ್ರಿಂಗ್ ಆಗಿಯೇ ಬಿಡು. ರಾಶಿ, ಬೆಟ್ಟೆ, ಗೊರಬಲು ಅಂತ ಬರೆಯುವ ಅಡಿಕೆ ಬಗೆಗಳ ಹೆಸರುಗಳಂತೂ ಸ್ಟ್ರಿಂಗೇ.

ಅಡಿಕೆ ಒಣಗಿದೆಯಾ ಇಲ್ವಾ ಅನ್ನೋದಕ್ಕೆ ಬೂಲ್, ಅಂದರೆ ಹೌದು-ಇಲ್ಲ ಎರಡೇ ಬೆಲೆ ಇರುವ ಬಗೆ, ಸಾಕು. ಟ್ರೂ ಅಥವಾ ಫಾಲ್ಸ್, ಮೊದಲ ಅಕ್ಷರ ಕ್ಯಾಪಿಟಲ್ ಇರಲಿ.

ದುಡ್ಡಿನ ಲೆಕ್ಕಕ್ಕೆ ಮಾತ್ರ ಫ್ಲೋಟ್ ನಂಬಬೇಡ. 0.1ಕ್ಕೆ 0.2 ಕೂಡಿ ನೋಡು, 0.30000000000000004 ಬರುತ್ತದೆ. ಕಂಪ್ಯೂಟರ್ ಒಳಗೆ ಫ್ಲೋಟ್ ಇರುವುದು ಬೈನರಿಯಲ್ಲಿ, ಅಂದರೆ ಬರೀ 0 ಮತ್ತು 1ರಲ್ಲಿ, ಅಲ್ಲಿ 0.1 ಅನ್ನು ಪಕ್ಕಾ ಬರೆಯೋಕೆ ಆಗುವುದಿಲ್ಲ. ಮಂಡಿಯ ದರವನ್ನು ಪೈಸೆಗೆ ತಿರುಗಿಸಿ ಇಂಟ್‌ನಲ್ಲಿ ಇಟ್ಟುಕೋ, ಒಟ್ಟು ಮೊತ್ತ ಬಂದ ಮೇಲೆ ಪೈಸೆಗೆ ರೌಂಡ್ ಮಾಡು.

ಈಗ ಪ್ರತಿ ವೇರಿಯಬಲ್ ಅನ್ನೂ (ಬೆಲೆ ಇಟ್ಟುಕೊಳ್ಳುವ ಹೆಸರು) ಟೈಪ್ ಅನ್ನೋ ಆದೇಶದ ಬ್ರಾಕೆಟ್ ಒಳಗೆ ಹಾಕಿ ಪ್ರಿಂಟ್ ಮಾಡು, ಯಾವುದು ಏನು ಅಂತ ಅದೇ ಹೇಳುತ್ತದೆ. ಮತ್ತೆ ಎರರ್ ಬಂದರೆ ಅದರ ಕೊನೆಯ ಸಾಲನ್ನು ಇಲ್ಲಿ ಹಾಕು, ಊಟ ಆದ ಮೇಲೆ ನೋಡುತ್ತೇನೆ.