ಕಡಿಮೆ ಖರ್ಚಿನ ಹಾಸ್ಟೆಲ್: ಬುಕ್ ಮಾಡುವ ಮುಂಚೆ ಏನೇನು ನೋಡಬೇಕು?

ಹೊಸಚೀಲ ಕೇಳಿದ್ದು:

ನಮಸ್ಕಾರ. ಇಬ್ಬರು ಗೆಳತಿಯರು ಮೊದಲ ಸಲ ವಿದೇಶಕ್ಕೆ ಹೊರಟಿದ್ದೇವೆ. ನಾಲ್ಕು ದೊಡ್ಡ ನಗರಗಳು. ಹೋಟೆಲ್ ನಮ್ಮ ಬಜೆಟ್ಟಿಗೆ ಸಿಗುವ ಮಾತಲ್ಲ, ಅದಕ್ಕೇ ಹಾಸ್ಟೆಲ್ ಡಾರ್ಮ್ (ಹಲವರು ಒಟ್ಟಿಗೆ ಮಲಗುವ ಕೋಣೆಯಲ್ಲಿ ಒಂದೊಂದು ಹಾಸಿಗೆ) ಅಂತ ತೀರ್ಮಾನಿಸಿದ್ದೇವೆ. ಆ್ಯಪ್‌ನಲ್ಲಿ ಕಡಿಮೆ ದರದವು ಮೇಲೆ ಬರುವ ಹಾಗೆ ಜೋಡಿಸಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ, ಫೋಟೋಗಳಂತೂ ಎಲ್ಲರದ್ದೂ ಚೆಂದ. ಯಾವುದನ್ನು ನಂಬುವುದು? ಎಷ್ಟು ದಿನ ಮೊದಲೇ ಬುಕ್ ಮಾಡಬೇಕು? ಒಂದು ಊರಿಗೆ ನಮ್ಮ ವಿಮಾನ ರಾತ್ರಿ ಒಂದೂವರೆಗೆ ಇಳಿಯುತ್ತದೆ, ಅಲ್ಲಿ ಯಾವ ತಾರೀಖಿಗೆ ಬುಕ್ ಮಾಡುವುದು ಅಂತಲೂ ಗೊಂದಲ. ಸಾಮಾನಿನ ಸುರಕ್ಷತೆ, ತಿಗಣೆ, ಇವುಗಳ ಬಗ್ಗೆಯೂ ತಿಳಿದವರು ಹೇಳಿ.

ಲೆಕ್ಕದಪಟ್ಟಿ:

ಮೊದಲು ಆ ಜೋಡಣೆಯನ್ನು ತೆಗೆದುಬಿಡಿ. ಪಟ್ಟಿಯಲ್ಲಿ ಕಾಣುವ ದರ ಬರೀ ಹಾಸಿಗೆಯದ್ದು. ನಿಜವಾಗಿ ಕೈಯಿಂದ ಹೋಗುವ ಹಣ ಬೇರೆಯೇ ಇರುತ್ತದೆ.

ಎರಡು ಹಾಸ್ಟೆಲ್ ಇಟ್ಟುಕೊಳ್ಳಿ. ಒಂದರಲ್ಲಿ ಹಾಸಿಗೆಗೆ 100, ಇನ್ನೊಂದರಲ್ಲಿ 120. ಮೊದಲನೆಯದರಲ್ಲಿ ಬೆಡ್‌ಶೀಟ್ ಬಾಡಿಗೆ 10, ಟವೆಲ್ 5, ಲಾಕರ್ 5, ಪ್ರವಾಸಿ ತೆರಿಗೆ 8 ಪ್ರತ್ಯೇಕ, ಜೊತೆಗೆ ಊರಿಂದ ದೂರ ಇರುವುದರಿಂದ ದಿನಕ್ಕೆ ಬಸ್ಸಿಗೆ 20. ಒಟ್ಟು 148. ಎರಡನೆಯದರಲ್ಲಿ ಶೀಟ್, ಲಾಕರ್, ತೆರಿಗೆ ಎಲ್ಲ ಸೇರಿದೆ, ನಡೆದೇ ಓಡಾಡಬಹುದು, ಬೆಳಗಿನ ತಿಂಡಿಯೂ ಇದೆ. 120ಕ್ಕೇ ಮುಗಿಯಿತು. ಅಡುಗೆಮನೆ ಇದ್ದರೆ ಇನ್ನೂ ಉಳಿತಾಯ. ಆದರೆ ಅಡುಗೆಮನೆ ಇದೆ ಅಂತ ಬರೆದುಕೊಂಡು ಒಂದು ಮೈಕ್ರೋವೇವ್, ಒಂದು ಕೆಟಲ್ ಇಟ್ಟಿರುವವರೂ ಇದ್ದಾರೆ. ಒಲೆ, ಪಾತ್ರೆ, ಫ್ರಿಜ್ ಮೂರೂ ಫೋಟೋದಲ್ಲಿ ಕಾಣಬೇಕು.

ಪ್ರವಾಸಿ ತೆರಿಗೆ ಅನೇಕ ನಗರಗಳಲ್ಲಿ ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ ಇರುತ್ತದೆ. ಆನ್‌ಲೈನ್‌ನಲ್ಲಿ ಕೊಟ್ಟ ಮೊತ್ತದಲ್ಲಿ ಅದು ಸೇರದೆ, ರಿಸೆಪ್ಷನ್‌ನಲ್ಲಿ ನಗದಾಗಿ ಕೇಳಬಹುದು. ಬುಕಿಂಗ್ ಪುಟದ ಕೆಳಗಿನ ಸಣ್ಣ ಅಕ್ಷರಗಳಲ್ಲಿ ಇದನ್ನು ಬರೆದಿರುತ್ತಾರೆ. ಕೀಲಿಗೆ ಡಿಪಾಸಿಟ್ ಕೇಳುವ ಹಾಸ್ಟೆಲ್‌ಗಳೂ ಇವೆ. ಅದು ಹೊರಡುವಾಗ ವಾಪಸ್ ಬರುತ್ತದೆ, ನೀವು ಕೇಳಿ ತೆಗೆದುಕೊಳ್ಳುವುದನ್ನು ಮರೆಯದಿದ್ದರೆ.

ಎಲ್ಲಿ ಹುಡುಕುವುದು ಅಂದರೆ ಹಾಸ್ಟೆಲ್‌ವರ್ಲ್ಡ್, ಬುಕಿಂಗ್.ಕಾಂ ಎರಡರಲ್ಲೂ ಅದೇ ತಾರೀಖು ಹಾಕಿ ನೋಡಿ, ಆಮೇಲೆ ಆ ಹಾಸ್ಟೆಲ್‌ನ ಸ್ವಂತ ವೆಬ್‌ಸೈಟ್ ತೆರೆಯಿರಿ. ಆ್ಯಪ್‌ಗೆ ಕಮಿಷನ್ ಕೊಡುವುದು ತಪ್ಪುವುದರಿಂದ ನೇರ ಬುಕಿಂಗ್‌ಗೆ ದರ ಇಳಿಸುವವರು, ತಿಂಡಿ ಸೇರಿಸಿ ಕೊಡುವವರು ಇದ್ದಾರೆ. ಹಾಸ್ಟೆಲಿಂಗ್ ಇಂಟರ್‌ನ್ಯಾಷನಲ್ ಸಂಸ್ಥೆಗೆ ಸೇರಿದ ಯೂತ್ ಹಾಸ್ಟೆಲ್‌ಗಳದ್ದು ಬೇರೆ ದಾರಿ. ಈ ಒಕ್ಕೂಟ 1932ರಿಂದ ಇದೆ. ಒಂದು ದೇಶದಲ್ಲಿ ಮಾಡಿಸಿದ ಸದಸ್ಯತ್ವ ಬೇರೆ ದೇಶಗಳ ಯೂತ್ ಹಾಸ್ಟೆಲ್‌ಗಳಲ್ಲೂ ನಡೆಯುತ್ತದೆ, ಸದಸ್ಯರಲ್ಲದವರು ಸಾಮಾನ್ಯವಾಗಿ ರಾತ್ರಿಗೆ ಇಷ್ಟು ಅಂತ ಹೆಚ್ಚು ಕೊಡಬೇಕು. ಅಂಥ ಕಡೆ ಎಷ್ಟು ರಾತ್ರಿ ಉಳಿಯುತ್ತೀರಿ ಅಂತ ಎಣಿಸಿ, ಕಾರ್ಡಿನ ಬೆಲೆ ಗಿಟ್ಟುವುದಾದರೆ ಮಾತ್ರ ಮಾಡಿಸಿ. ಗದ್ದಲ ಕಡಿಮೆ, ನಿಯಮ ಜಾಸ್ತಿ. ಇನ್ನು ವಿಶ್ವವಿದ್ಯಾಲಯಗಳಿರುವ ಊರಾದರೆ, ರಜೆಯ ತಿಂಗಳುಗಳಲ್ಲಿ ಖಾಲಿ ಇರುವ ವಿದ್ಯಾರ್ಥಿ ನಿಲಯದ ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಾರಾ ಅಂತ ನೋಡಿ. ಡಾರ್ಮ್‌ನ ಆಸುಪಾಸಿನ ದರಕ್ಕೆ ಒಂಟಿ ಕೋಣೆ ಸಿಕ್ಕರೂ ಸಿಕ್ಕೀತು.

ನೀವು ಇಬ್ಬರು ಅನ್ನುವುದನ್ನು ಮರೆಯಬೇಡಿ. ಡಾರ್ಮ್ ದರ ತಲೆಗೆ, ಕೋಣೆ ದರ ಕೋಣೆಗೆ. ಎರಡು ಹಾಸಿಗೆಯ ದರ ಕೂಡಿಸಿ, ಅದೇ ಊರಿನ ಸಾದಾ ಲಾಡ್ಜಿನ ಡಬಲ್ ರೂಮಿನ ಜೊತೆ ಹೋಲಿಸಿ. ಎಷ್ಟೋ ಊರುಗಳಲ್ಲಿ ಕೋಣೆಯೇ ಅಗ್ಗ. ಮೂವರಿದ್ದರೆ ಈ ಹೋಲಿಕೆ ಮಾಡದೆ ಡಾರ್ಮ್ ಬುಕ್ ಮಾಡಲೇಬಾರದು.

ತಡರಾತ್ರಿ:

ವಿಮಾನದ ಪ್ರಶ್ನೆಗೆ ಉತ್ತರ. 12ನೇ ತಾರೀಖು ಬೆಳಗಿನ ಜಾವ 1:30ಕ್ಕೆ ಇಳಿಯುವುದಾದರೆ ಬುಕಿಂಗ್ 11ರ ರಾತ್ರಿಗೆ ಇರಬೇಕು. 12 ಅಂತ ಹಾಕಿದರೆ ನಿಮ್ಮ ಚೆಕ್‌ಇನ್ ಆ ದಿನ ಮಧ್ಯಾಹ್ನ ಎರಡು ಮೂರು ಗಂಟೆಗೆ, ಅಲ್ಲಿಯವರೆಗೆ ಲಾಬಿಯಲ್ಲಿ ಕೂತಿರಬೇಕು.

11ಕ್ಕೆ ಬುಕ್ ಮಾಡಿದರೂ ಕೆಲಸ ಅರ್ಧವೇ ಆಯಿತು. ರಾತ್ರಿ ಹತ್ತು ಹನ್ನೊಂದಕ್ಕೆ ರಿಸೆಪ್ಷನ್ ಮುಚ್ಚುವ ಹಾಸ್ಟೆಲ್‌ಗಳಿವೆ. ನೀವು ಬರಲಿಲ್ಲ ಅಂತ ನೋ-ಶೋ ಬರೆದುಕೊಂಡು, ಆ ಒಂದು ರಾತ್ರಿಯದ್ದಲ್ಲ, ಪೂರ್ತಿ ಬುಕಿಂಗನ್ನೇ ರದ್ದು ಮಾಡುವವರಿದ್ದಾರೆ. 24 ಗಂಟೆ ರಿಸೆಪ್ಷನ್ ಇರುವುದನ್ನೇ ಆರಿಸಿ. ಅದಿಲ್ಲದಿದ್ದರೆ ವಿಮಾನದ ನಂಬರ್ ಮತ್ತು ತಲುಪುವ ಸಮಯ ಬರೆದು ಸಂದೇಶ ಕಳಿಸಿ, ಬಾಗಿಲಿನ ಕೋಡ್ ಮತ್ತು ಹಾಸಿಗೆಯ ನಂಬರನ್ನು ಬರಹದಲ್ಲೇ ತರಿಸಿಕೊಳ್ಳಿ. ಉತ್ತರ ಬಾರದಿದ್ದರೆ ಉಚಿತವಾಗಿ ರದ್ದು ಮಾಡುವ ಗಡುವು ಮುಗಿಯುವುದರೊಳಗೆ ಬೇರೆ ಹಾಸ್ಟೆಲ್ ನೋಡಿಕೊಳ್ಳಿ. ವಿಳಾಸ, ಕೋಡ್, ದಾರಿಯ ನಕ್ಷೆ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ವಿಮಾನ ಇಳಿದ ತಕ್ಷಣ ಇಂಟರ್‌ನೆಟ್ ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ.

ಆ ಹೊತ್ತಿನಲ್ಲಿ ಟ್ಯಾಕ್ಸಿ ಬಿಟ್ಟರೆ ಬೇರೇನೂ ಓಡದ ಊರಾದರೆ, ಟ್ಯಾಕ್ಸಿ ಖರ್ಚು ಮತ್ತು ಒಂದು ರಾತ್ರಿಯ ಹಾಸಿಗೆ ಕೂಡಿಸಿ ನೋಡಿ. ವಿಮಾನ ನಿಲ್ದಾಣ ರಾತ್ರಿಯಿಡೀ ತೆರೆದಿರುವುದು ಖಚಿತವಾದರೆ, ಅಲ್ಲೇ ಕಾದು ಮೊದಲ ರೈಲು ಹಿಡಿಯುವುದು ಕೆಲವೊಮ್ಮೆ ಜಾಣತನ. ಬೆಳಿಗ್ಗೆ ಹೋದರೆ ಚೆಕ್‌ಇನ್ ಆಗದಿದ್ದರೂ ಸಾಮಾನು ಇಟ್ಟುಕೊಳ್ಳುತ್ತಾರೆ. ಅದಕ್ಕೆ ದುಡ್ಡು ಕೇಳುವ ಹಾಸ್ಟೆಲ್ ಇದ್ದರೆ ಅದನ್ನೂ ಲೆಕ್ಕದಪಟ್ಟಿಯವರ ಪಟ್ಟಿಗೆ ಸೇರಿಸಿ 🙂

ಮೇಲಿನಬಂಕ್:

ಉಳಿದು ಹೋದವರು ಆ್ಯಪ್‌ನಲ್ಲಿ ಕೊಟ್ಟ ಅಂಕ, ವಿಮರ್ಶೆಗಳನ್ನು ನೋಡುವಾಗ ಒಟ್ಟು ಸರಾಸರಿ ನೋಡಬೇಡಿ, 'ಹೊಸದು ಮೊದಲು' ಅಂತ ಹಾಕಿ ಕಳೆದ ಎರಡು ಮೂರು ತಿಂಗಳದ್ದನ್ನು ಮಾತ್ರ ಓದಿ. ಹಾಸ್ಟೆಲ್ ಕೈ ಬದಲಾಗುತ್ತದೆ, ಹಳೆಯ ಹೊಗಳಿಕೆ ಹಾಗೇ ಉಳಿದಿರುತ್ತದೆ. ಹತ್ತಕ್ಕೆ ಎಂಟೂವರೆಗಿಂತ ಕೆಳಗಿದ್ದರೆ ನಾನು ಯಾರಿಗೂ ಹೇಳುವುದಿಲ್ಲ. ಸ್ವಚ್ಛತೆಯ ಅಂಕ ಬೇರೆಯೇ ಇರುತ್ತದೆ, ಅದು ಒಟ್ಟು ಅಂಕಕ್ಕಿಂತ ತುಂಬ ಕೆಳಗಿದ್ದರೆ, ಅಲ್ಲಿ ಪಾರ್ಟಿ ಚೆನ್ನಾಗಿದೆ, ಬಚ್ಚಲು ಚೆನ್ನಾಗಿಲ್ಲ ಅಂತ ತಿಳಿಯಿರಿ. ವಿಮರ್ಶೆಯೊಳಗೆ ತಿಗಣೆ, ಕಳವು, ಬಿಸಿನೀರು, ಲಾಕರ್ ಅನ್ನುವ ಪದಗಳನ್ನು ಇಂಗ್ಲಿಷಿನಲ್ಲಿ ಹಾಕಿ ಹುಡುಕಿ. 'ವಾತಾವರಣ ಅದ್ಭುತ' ಅಂತ ಎಲ್ಲರೂ ಬರೆದಿದ್ದರೆ ಕೆಳಗೆ ಬಾರ್ ಇದೆ, ನಿದ್ದೆ ಇಲ್ಲ.

ಕೋಣೆ ಆರಿಸುವಾಗ 12 ಹಾಸಿಗೆಯದ್ದಕ್ಕೂ 6 ಹಾಸಿಗೆಯದ್ದಕ್ಕೂ ವ್ಯತ್ಯಾಸ ಕಡಿಮೆ ಇದ್ದರೆ 6ರದ್ದನ್ನೇ ತೆಗೆದುಕೊಳ್ಳಿ. ಬೆಳಗಿನ ಜಾವ ಬ್ಯಾಗಿನ ಜಿಪ್ ಎಳೆಯುವವರ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಬಂಕಿಗೆ (ಒಂದರ ಮೇಲೊಂದು ಇರುವ ಮಂಚ) ಪರದೆ, ಪ್ರತಿ ಹಾಸಿಗೆಗೂ ಒಂದು ಪ್ಲಗ್, ಒಂದು ಪುಟ್ಟ ದೀಪ, ಈ ಮೂರು ಫೋಟೋದಲ್ಲಿ ಇವೆಯೇ ನೋಡಿ. ಬುಕಿಂಗಿನ ಟಿಪ್ಪಣಿಯಲ್ಲಿ 'ಇಬ್ಬರಿಗೂ ಒಂದೇ ಕೋಣೆ, ಒಂದು ಕೆಳಗಿನ ಬಂಕ್' ಅಂತ ಬರೆಯಿರಿ. ಇಬ್ಬರೂ ಬೇರೆ ಬೇರೆ ಫೋನಿನಿಂದ ಬುಕ್ ಮಾಡಿದರೆ ಬೇರೆ ಬೇರೆ ಕೋಣೆಗೆ ಬೀಳುವ ಸಾಧ್ಯತೆ ಹೆಚ್ಚು. 'ಮಿಕ್ಸೆಡ್' ಅಂದರೆ ಗಂಡಸರೂ ಹೆಂಗಸರೂ ಒಟ್ಟಿಗೆ. ಮಹಿಳೆಯರಿಗೇ ಮೀಸಲಾದ ಡಾರ್ಮ್ ಬೇಕಿದ್ದರೆ ಆ ಸಾಲನ್ನೇ ಆರಿಸಬೇಕು, ಹೋದಮೇಲೆ ಬದಲಿಸಿಕೊಡಿ ಅಂದರೆ ಹಾಸಿಗೆ ಖಾಲಿ ಇರಬೇಕಲ್ಲ.

ಬೀಗ: ಲಾಕರ್ ಇದೆ ಅಂದರೆ ಬೀಗವೂ ಇದೆ ಅಂತಲ್ಲ. ಕೊಂಡಿ 5–6 ಮಿ.ಮೀ. ದಪ್ಪದ ನಂಬರ್ ಬೀಗ ಒಯ್ಯಿರಿ. ಸೂಟ್‌ಕೇಸಿನ ಪುಟ್ಟ ಬೀಗ ಒಂದು ಇಕ್ಕಳಕ್ಕೆ ಮುರಿಯುತ್ತದೆ. ಮನೆ ಗೇಟಿನ ದಪ್ಪ ಬೀಗ ಎಷ್ಟೋ ಲಾಕರುಗಳ ತೂತಿಗೇ ಇಳಿಯುವುದಿಲ್ಲ. ಲಾಕರ್ ಚಿಕ್ಕದಿದ್ದರೆ ಪಾಸ್‌ಪೋರ್ಟ್, ಕಾರ್ಡ್, ಲ್ಯಾಪ್‌ಟಾಪ್ ಒಳಗೆ, ಬಟ್ಟೆಯ ಚೀಲ ಹೊರಗೆ. ಅನೇಕ ಕಳವುಗಳಾಗುವುದು ಚಾರ್ಜಿಗೆ ಹಾಕಿಟ್ಟು ಸ್ನಾನಕ್ಕೆ ಹೋದ ಫೋನಿನದ್ದು.

ತಿಗಣೆ: ಕೋಣೆಗೆ ಹೋದ ಕೂಡಲೇ ಚೀಲವನ್ನು ಹಾಸಿಗೆಯ ಮೇಲೆ ಎಸೆಯಬೇಡಿ, ಬಾಗಿಲ ಬಳಿ ಇಡಿ. ಶೀಟ್ ಎತ್ತಿ, ಫೋನಿನ ಟಾರ್ಚ್ ಹಾಕಿ ನಾಲ್ಕು ಮೂಲೆಯ ಹೊಲಿಗೆ, ತಲೆಯ ಬದಿಯ ಹಲಗೆ, ಬಂಕಿನ ಸ್ಕ್ರೂ ತೂತು ನೋಡಿ. ದೊಡ್ಡ ತಿಗಣೆ ಸುಮಾರು 5 ಮಿ.ಮೀ., ಕೆಂಗಂದು ಬಣ್ಣ, ಚಪ್ಪಟೆ. ಅದು ಕಾಣದಿದ್ದರೂ ಪೆನ್ನಿನ ಮಸಿಯಂಥ ಕಪ್ಪು ಚುಕ್ಕೆಗಳು, ಸುಲಿದ ತೆಳು ಪೊರೆ ಕಂಡರೆ ಸಾಕು. ಕಂಡರೆ ಫೋಟೋ ತೆಗೆದು ರಿಸೆಪ್ಷನ್‌ಗೆ ತೋರಿಸಿ. ಪಕ್ಕದ ಕೋಣೆ ಕೊಡುತ್ತೇವೆ ಅಂದರೆ ಒಪ್ಪಬೇಡಿ, ಗೋಡೆಯ ಬಿರುಕು, ವೈರಿನ ಪೈಪು ಹಿಡಿದು ಅವು ಪಕ್ಕಕ್ಕೇ ಮೊದಲು ಹೋಗುವುದು. ಬೇರೆ ಮಹಡಿ, ಇಲ್ಲವೇ ಹಣ ವಾಪಸ್. ಒಂದು ರಾತ್ರಿ ಮಲಗಿ ಅನುಮಾನ ಬಂದರೆ ಬಟ್ಟೆಗಳನ್ನು 60 ಡಿಗ್ರಿಯಲ್ಲಿ ಒಗೆಸಿ, ಡ್ರೈಯರ್‌ನ ಹೆಚ್ಚಿನ ಬಿಸಿಯಲ್ಲಿ ಕನಿಷ್ಠ ಅರ್ಧ ಗಂಟೆ ಹಾಕಿ. ಅವನ್ನು ಸಾಯಿಸುವುದು ಶಾಖ, ಸೋಪಲ್ಲ. ಸ್ಲೀಪಿಂಗ್ ಬ್ಯಾಗ್ ಹಾಸಬಾರದು ಅಂತ ಅನೇಕ ಹಾಸ್ಟೆಲ್‌ಗಳು ನಿಯಮ ಮಾಡಿರುವುದೂ ಈ ತಿಗಣೆಯ ಕಾಟಕ್ಕೇ, ಆದ್ದರಿಂದ ಅದನ್ನು ಹೊರಲು ಹೋಗಬೇಡಿ.

ಹೊಸಚೀಲ:

ತುಂಬ ಉಪಕಾರ ಆಯಿತು. ಇನ್ನೊಂದು ವಿಷಯ: ವೀಸಾ ಅರ್ಜಿಗೆ ಎಲ್ಲ ರಾತ್ರಿಯ ಬುಕಿಂಗ್ ತೋರಿಸಬೇಕು ಅಂತಾರೆ. ಹಾಗಾದರೆ ಈಗಲೇ ಎಲ್ಲ ಬುಕ್ ಮಾಡಿಬಿಡುವುದಾ? ಕೆಲಸ ಮಾಡಿಕೊಟ್ಟರೆ ಹಾಸಿಗೆ ಉಚಿತ ಅನ್ನುವ ಜಾಹೀರಾತುಗಳೂ ಕಣ್ಣಿಗೆ ಬಿದ್ದವು.

ತಡರಾತ್ರಿ:

ವೀಸಾಕ್ಕೆ ಉಚಿತವಾಗಿ ರದ್ದು ಮಾಡಬಹುದಾದ ಬುಕಿಂಗ್ ಇರಲಿ, ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ, ಇಬ್ಬರದ್ದೂ. ಒಬ್ಬರ ಹೆಸರಲ್ಲಿ ಎರಡು ಹಾಸಿಗೆ ಬುಕ್ ಮಾಡಿದರೆ ಇನ್ನೊಬ್ಬರಿಗೆ ಪುರಾವೆ ಇಲ್ಲದಂತಾಗುತ್ತದೆ. ಎರಡನೇ ಹೆಸರನ್ನೂ ಸೇರಿಸಿ ದೃಢೀಕರಣ ಪತ್ರ ಕಳಿಸಿ ಅಂತ ಹಾಸ್ಟೆಲ್‌ಗೆ ಬರೆದು ಕೇಳಿ. ರದ್ದು ಮಾಡುವ ಗಡುವು ಹಾಸ್ಟೆಲ್ ಇರುವ ಊರಿನ ಗಡಿಯಾರದ ಪ್ರಕಾರ, ನಿಮ್ಮದಲ್ಲ. ಫೋನಿನಲ್ಲಿ ಗಡುವಿಗೆ ಎರಡು ದಿನ ಮುಂಚೆ ಅಲಾರಂ ಇಡಿ. ಹಾಸ್ಟೆಲ್‌ವರ್ಲ್ಡ್‌ನಲ್ಲಿ ಮುಂಗಡ ಕಟ್ಟಿ ಉಳಿದದ್ದನ್ನು ಹಾಸ್ಟೆಲ್‌ನಲ್ಲಿ ಕೊಡುವ ಮಾದರಿ ಇದೆ. ರದ್ದು ಮಾಡಿದರೆ ಆ ಮುಂಗಡ ವಾಪಸ್ ಬರುತ್ತದೋ ಇಲ್ಲವೋ ಅನ್ನುವುದು ನೀವು ಆರಿಸಿದ ದರದ ಮೇಲೆ ನಿಂತಿದೆ, ಪಾವತಿಗೆ ಮುಂಚೆ ಓದಿ.

ಕಾರ್ಡಿನಲ್ಲಿ ಹಣ ಇಲ್ಲದೆ, ಅಥವಾ ವಿದೇಶಿ ವ್ಯವಹಾರ ಬಂದ್ ಆಗಿದ್ದು ಕಾರ್ಡ್ ತಿರಸ್ಕೃತವಾದರೆ ಬುಕಿಂಗ್ ಬಿದ್ದುಹೋಗುತ್ತದೆ. ಸರಿಪಡಿಸಲು ಮೇಲ್ ಬರುತ್ತದೆ, ಅದು ಸ್ಪ್ಯಾಮ್‌ನಲ್ಲಿ ಕೂತಿರುತ್ತದೆ. ಅಲ್ಲಿ ಹಣ ಕೊಡುವಾಗ ಯಂತ್ರ 'ನಿಮ್ಮ ದೇಶದ ಕರೆನ್ಸಿಯಲ್ಲಾ, ಇಲ್ಲಿನದರಲ್ಲಾ' ಅಂತ ಕೇಳಿದರೆ ಅಲ್ಲಿನದನ್ನೇ ಒತ್ತಿ. ನಮ್ಮ ಕರೆನ್ಸಿ ಒತ್ತಿದರೆ ಪರಿವರ್ತನೆಯ ದರ ಅವರು ಹಾಕಿದ್ದೇ ಆಗುತ್ತದೆ.

ಕೆಲಸಕ್ಕೆ ಹಾಸಿಗೆ ಬೇಡ. ಸಂಬಳ ಇಲ್ಲದಿದ್ದರೂ ಹಾಸಿಗೆಯನ್ನು ಪ್ರತಿಫಲ ಅಂತಲೇ ಎಣಿಸುವ ದೇಶಗಳಿವೆ, ಪ್ರವಾಸಿ ವೀಸಾದಲ್ಲಿ ಅದು ಉಲ್ಲಂಘನೆ. ಗಡಿಯಲ್ಲಿ ಬಾಯಿತಪ್ಪಿ ಹೇಳಿದರೆ ವಾಪಸ್ ಕಳಿಸಿಬಿಡಬಹುದು.

ಲೆಕ್ಕದಪಟ್ಟಿ:

ವೀಸಾ ಕೇಳುವುದಾದರೆ ಸರಿ, ಎಲ್ಲ ಬುಕ್ ಮಾಡಿ. ಕೇಳದ ಕಡೆ ಮೊದಲ ಎರಡು ರಾತ್ರಿ ಸಾಕು ಅನ್ನುವುದು ನನ್ನ ವಾದ. ಜಾಗ ಇಷ್ಟವಾದರೆ ಮುಂದುವರಿಸಿ, ಇಲ್ಲದಿದ್ದರೆ ಹಣ ಕಳೆದುಕೊಳ್ಳದೆ ಹೊರಡಿ. ಮುಂದುವರಿಸುವುದಿದ್ದರೆ ಹಿಂದಿನ ಸಂಜೆಯೇ ರಿಸೆಪ್ಷನ್‌ಗೆ ಹೇಳಿ. ಚೆಕ್‌ಔಟ್ ಹೊತ್ತಿಗೆ ಹೇಳಿದರೆ ನಿಮ್ಮ ಹಾಸಿಗೆ ಆಗಲೇ ಬೇರೆಯವರಿಗೆ ಹೋಗಿ, ಗಂಟುಮೂಟೆ ಕಟ್ಟಿ ಕೋಣೆ ಬದಲಿಸಬೇಕಾಗುತ್ತದೆ. ಶುಕ್ರವಾರ, ಶನಿವಾರದ ರಾತ್ರಿ ಮತ್ತು ಊರಿನಲ್ಲಿ ದೊಡ್ಡ ಉತ್ಸವ, ಪಂದ್ಯ ಇರುವ ದಿನಗಳಿಗೆ ಈ ಮಾತು ಅನ್ವಯಿಸುವುದಿಲ್ಲ, ಅವನ್ನು ತಾರೀಖು ಗೊತ್ತಾದ ದಿನವೇ ಬುಕ್ ಮಾಡಿ. ನಗರಗಳ ಕ್ರಮ ಬದಲಿಸಲು ಆಗುವುದಾದರೆ, ದುಬಾರಿ ಊರನ್ನು ಭಾನುವಾರದಿಂದ ಗುರುವಾರದ ನಡುವೆ ಹಾಕಿಕೊಳ್ಳಿ.

ಮೇಲಿನಬಂಕ್:

ಒಂದು ಬಿಟ್ಟುಹೋಗಿತ್ತು: ವಯಸ್ಸಿನ ಮಿತಿ. 18 ತುಂಬದವರನ್ನು ಡಾರ್ಮಿಗೆ ಸೇರಿಸದ ಹಾಸ್ಟೆಲ್‌ಗಳು ಹೆಚ್ಚು, 35 ಅಥವಾ 40 ದಾಟಿದವರನ್ನು ಸೇರಿಸದವೂ ಇವೆ. ಬುಕಿಂಗ್ ಆಗಿಬಿಡುತ್ತದೆ, ತಡೆಯುವುದು ಕೌಂಟರಿನಲ್ಲಿ. 'ಹೌಸ್ ರೂಲ್ಸ್' ಅನ್ನುವ ಭಾಗದಲ್ಲಿ ಇದನ್ನೂ, ರಾತ್ರಿ ಬಾಗಿಲು ಹಾಕುವ ಹೊತ್ತನ್ನೂ, ಸ್ವಚ್ಛತೆಗೆಂದು ಹಗಲು ಕೋಣೆ ಮುಚ್ಚುತ್ತಾರಾ ಅನ್ನುವುದನ್ನೂ ಒಟ್ಟಿಗೇ ನೋಡಿಬಿಡಿ.