ಪರಿಸರ ತರಬೇತಿ ಮುಗಿಸಿ ಬಂದೆ, ಸೋಮವಾರ ಮಕ್ಕಳ ಮುಂದೆ ಏನು ಮಾಡಲಿ?

ಬಯಲುಸೀಮೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹಾವೇರಿ ಕಡೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ನಾಲ್ಕು-ಐದನೇ ತರಗತಿಗೆ ಪರಿಸರ ಅಧ್ಯಯನ, ಆರು-ಏಳಕ್ಕೆ ವಿಜ್ಞಾನ. ಜೊತೆಗೆ ಇಕೋ ಕ್ಲಬ್ ಕೂಡ ನನ್ನದೇ, ಯಾಕಂದ್ರೆ ಅದನ್ನು ಹಂಚಿದ ದಿನ ನಾನು ರಜೆಯಲ್ಲಿದ್ದೆ.

ಕಳೆದ ವಾರ ಒಂದು ದಿನದ ತರಬೇತಿ ಇತ್ತು. ಪಿಪಿಟಿಯಲ್ಲಿ ಸಿಂಗಳೀಕ, ಶೋಲಾ ಕಾಡು, ಓಝೋನ್ ಪದರ, ಎಲ್ಲಾ ಬಂತು. ಮಧ್ಯಾಹ್ನ ಊಟ ಆದಮೇಲೆ ಅರ್ಧ ಜನ ಮೊಬೈಲಿನಲ್ಲಿ ಯಾವುದೋ ಆನ್‌ಲೈನ್ ಎಂಟ್ರಿ ಮಾಡ್ತಾ ಕೂತಿದ್ದರು, ಅವರನ್ನೂ ದೂರುವ ಹಾಗಿಲ್ಲ, ಅವತ್ತೇ ಕೊನೇ ದಿನಾಂಕ. ಕೊನೆಗೆ ಸಸಿ ಹಿಡಿದುಕೊಂಡು ಗ್ರೂಪ್ ಫೋಟೋ. ಆ ಸಸಿಯನ್ನು ಯಾರು ನೆಟ್ಟರೋ ಇವತ್ತಿಗೂ ಗೊತ್ತಿಲ್ಲ.

ಮಾರನೇ ದಿನ ಐದನೇ ತರಗತಿಯಲ್ಲಿ ಹುರುಪಿನಿಂದ 'ಕಾಡುಪ್ರಾಣಿಗಳನ್ನು ನಾವು ಯಾಕೆ ಉಳಿಸಬೇಕು?' ಅಂತ ಕೇಳಿದೆ. ಹಿಂದಿನ ಸಾಲಿನ ಹುಡುಗ ಎದ್ದು ನಿಂತ. "ಸರ್, ಚಿಗರಿ ಉಳಿಸಿದ್ರ ನಮ್ಮ ಗೋವಿನಜೋಳ ಯಾರು ಉಳಸ್ತಾರ? ನಮ್ಮಪ್ಪ ದಿನಾ ನಸುಕಿನ್ಯಾಗ ಎದ್ದು ಹೊಲ ಕಾಯಾಕ ಹೋಗ್ತಾನ." ಚಿಗರಿ ಅಂದ್ರೆ ನಮ್ಮ ಕಡೆ ಕೃಷ್ಣಮೃಗ. ಇಡೀ ಕ್ಲಾಸು ನನ್ನನ್ನೇ ನೋಡಿತು. ತರಬೇತಿಯಲ್ಲಿ ಕೊಟ್ಟ ಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ, ನನ್ನ ಹತ್ತಿರವೂ ಇರಲಿಲ್ಲ. ಬೆಲ್ ಆಯ್ತು, ಬಚಾವಾದೆ.

ನಮ್ಮಂಥವರಿಗೆ ನಿಜವಾಗಿ ಉಪಯೋಗಕ್ಕೆ ಬರುವ ತಯಾರಿ ಎಲ್ಲಿ ಸಿಗುತ್ತೆ? ನೀವೆಲ್ಲ ಹೇಗೆ ಮಾಡ್ತೀರಿ?

ಹೊಂಗೆ ನೆರಳು

ಸರ್, 31 ವರ್ಷ ಪಾಠ ಮಾಡಿ ಈಗ ಮನೆಯಲ್ಲಿದ್ದೇನೆ. ಬಚಾವಾದೆ ಅಂದ್ರಲ್ಲ, ಹಾಗೆ ನಾನೂ ಎಷ್ಟೋ ಸಲ ಆಗಿದ್ದೇನೆ.

ನಿಮ್ಮ ಶಾಲೆ ಅಂಗಳದಲ್ಲಿ ಹೊಂಗೆ ಮರ ಇದ್ದೇ ಇರುತ್ತೆ. ಸೋಮವಾರ ಮಕ್ಕಳನ್ನು ಅದರ ಕೆಳಗೆ ಕರ್ಕೊಂಡು ಹೋಗಿ, ಒಬ್ಬೊಬ್ಬರೂ ಒಂದೊಂದು ಎಲೆ ಆರಿಸಿಕೊಳ್ಳಲಿ. ಏನೂ ಆಗಿರದ ಎಲೆ ಸಿಗೋದೇ ಕಷ್ಟ. ಒಂದರ ಮೇಲೆ ಬಿಳಿ ಮಚ್ಚೆ ಇರುತ್ತೆ. ಬೆಳಕಿಗೆ ಹಿಡಿದರೆ ಒಳಗೆ ಚಿಕ್ಕ ಹುಳ ಕಾಣಬಹುದು, ಎಲೆಯ ಮೇಲಿನ ಪದರ ಕೆಳಗಿನ ಪದರದ ನಡುವೆ ಕೂತು ತಿಂತಾ ಇರುತ್ತೆ. ಇನ್ನೊಂದರ ಮೇಲೆ ಬೆರಳಿಗೆ ಹತ್ತುವಂಥ ಗುಳ್ಳೆಗಳು. ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ, ಎಲೆಯೇ ಅದಕ್ಕೆ ಮನೆ ಕಟ್ಟಿಕೊಡುತ್ತೆ. ಒಂದು ಎಲೆಯಲ್ಲಿ ನಲವತ್ತು ನಿಮಿಷ ಕಳೆದುಹೋಗುತ್ತೆ ಸರ್, ನಾನು ನೋಡಿದ್ದೇನೆ.

ಮಕ್ಕಳು ಕೇಳೋದರಲ್ಲಿ ಅರ್ಧಕ್ಕೆ ನಿಮಗೆ ಉತ್ತರ ಗೊತ್ತಿರಲ್ಲ. 'ನನಗೂ ಗೊತ್ತಿಲ್ಲ, ಸೇರಿ ಹುಡುಕೋಣ' ಅನ್ನಿ. ಇಷ್ಟು ಹೇಳೋದಕ್ಕೆ ನನಗೆ ಹನ್ನೆರಡು ವರ್ಷ ಬೇಕಾಯ್ತು. ಮೇಡಂಗೆ ಗೊತ್ತಿಲ್ಲ ಅಂದ್ರೆ ಮರ್ಯಾದೆ ಹೋಗುತ್ತೆ ಅಂತಲೇ ನಮ್ಮನ್ನು ತಯಾರು ಮಾಡಿದ್ದು. ತರಬೇತಿಯಲ್ಲಿ ಕಲಿಸಬೇಕಾದ್ದು ಮೊದಲು ಇದನ್ನೇ.

ಎರಡು ಬಸ್ಸು ಬದಲಿಸುವವನು

ಮೇಡಂ, ಕೇಳೋಕೆ ಚೆನ್ನಾಗಿದೆ. ಆದರೆ ನಾವು ಏಳು ತರಗತಿಗೆ ಮೂರು ಜನ. ಮಕ್ಕಳನ್ನು ಹೊರಗೆ ಕರೆದರೆ ಎಸ್‌ಡಿಎಂಸಿಯವರು (ಶಾಲಾ ಅಭಿವೃದ್ಧಿ ಸಮಿತಿ) 'ಮೇಷ್ಟ್ರು ಬಿಸಿಲಲ್ಲಿ ಅಲೆಸ್ತಾರೆ, ಓದಿಸಲ್ಲ' ಅಂತಾರೆ. ಸಮಗ್ರ ಶಿಕ್ಷಣದ ಲೆಕ್ಕದಲ್ಲಿ ಇಕೋ ಕ್ಲಬ್ಬಿಗೆ ವರ್ಷಕ್ಕೆ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 15,000 ರೂಪಾಯಿವರೆಗೆ ಇದೆ. ನಮಗೆ ಬಂದರೆ ಮಾರ್ಚಿನಲ್ಲಿ ಬರುತ್ತೆ, ವಾರದೊಳಗೆ ಬಿಲ್ಲು ಕೊಡಿ ಅಂತಾರೆ. ಆಗ ಕೊಳ್ಳೋದು ಏನು ಹೇಳಿ, ಎರಡು ಕಸದ ಡಬ್ಬಿ, ಒಂದು ಬ್ಯಾನರ್. 2024ರಲ್ಲಿ 'ತಾಯಿ ಹೆಸರಲ್ಲಿ ಒಂದು ಗಿಡ' ಅನ್ನೋ ಅಭಿಯಾನ ಬಂತು, ಗಿಡಕ್ಕಿಂತ ಫೋಟೋ ಅಪ್ಲೋಡ್ ಮಾಡೋದೇ ದೊಡ್ಡ ಕೆಲಸ ಆಯ್ತು. ತರಬೇತಿ ಸರಿಯಿಲ್ಲ ಅನ್ನೋದು ಆಮೇಲಿನ ಮಾತು, ಮೊದಲು ನಮಗೆ ಟೈಮ್ ಕೊಡಲಿ.

ನಾನೂ ಎಂಆರ್‌ಪಿ

ಬೈಸಿಕೊಳ್ಳೋಕೆ ಒಬ್ಬ ಬೇಕಲ್ವಾ, ನಾನು ಬಂದೆ. ಎಂಆರ್‌ಪಿ ಅಂದ್ರೆ ಶಿಕ್ಷಕರಿಗೆ ತರಬೇತಿ ಕೊಡುವ ಮಾಸ್ಟರ್ ರಿಸೋರ್ಸ್ ಪರ್ಸನ್, ಪಿಪಿಟಿ ತೋರಿಸುವವರ ಪೈಕಿ ನಾನೂ ಒಬ್ಬ.

ಒಳಗಿನ ಕಥೆ ಹೇಳ್ತೇನೆ. ಮೇಲಿನವರು ನಮಗೆ ಐದು ದಿನ ಕಲಿಸ್ತಾರೆ, ಅದರಲ್ಲಿ ಕೆರೆ ದಂಡೆಗೂ ಹೋಗಿರ್ತೀವಿ, ಖುಷಿಯಾಗಿರುತ್ತೆ. ನಾವು ತಾಲ್ಲೂಕಿಗೆ ಬಂದು ಅದನ್ನು ಒಂದು ದಿನಕ್ಕೆ ಇಳಿಸಬೇಕು. ಮೊದಲು ಕತ್ತರಿ ಬೀಳೋದು ಕೆರೆ ದಂಡೆಗೆ. ಉಳಿಯೋದು ಪಿಪಿಟಿ. ಪರಿಸರ ಪಾಠ ಕಡ್ಡಾಯ ಮಾಡಿ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಹೇಳಿತು, 2003ರಲ್ಲಿ ಮತ್ತೆ ಹೇಳಿತು. ಪಾಠ ಬಂತು. ಪಾಠ ಮಾಡುವವರ ಜೊತೆ ವರ್ಷಪೂರ್ತಿ ನಿಲ್ಲುವವರು ಬರಲಿಲ್ಲ.

ನಮ್ಮ ಕ್ಲಸ್ಟರಿನಲ್ಲಿ, ಅಂದ್ರೆ ಅಕ್ಕಪಕ್ಕದ ಶಾಲೆಗಳ ಗುಂಪಿನಲ್ಲಿ, ಒಂದು ಸಣ್ಣ ಬದಲಾವಣೆ ಮಾಡಿದ್ದೇವೆ. ಸಮಾಲೋಚನಾ ಸಭೆಯಲ್ಲಿ ಮೊದಲ ಒಂದು ಗಂಟೆ ಯಾವುದಾದರೂ ಒಂದು ಶಾಲೆಯ ಅಂಗಳದಲ್ಲೇ ಕಳೆಯೋದು. ಆ ಶಾಲೆಯ ಶಿಕ್ಷಕರು ತಾವು ಮಾಡಿದ ಒಂದು ಹೊರಗಿನ ಪಾಠವನ್ನು ನಮ್ಮ ಮೇಲೆ ಮಾಡಿ ತೋರಿಸಬೇಕು, ಕೆಟ್ಟು ಹೋಗಿದ್ದನ್ನೂ ಹೇಳಬೇಕು. ಕ್ಲಸ್ಟರ್ ನೋಡಿಕೊಳ್ಳುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಒಪ್ಪಿದರೆ ಸಾಕು, ಆದೇಶ ಬೇಕಿಲ್ಲ. ಟೈಮ್ ಇಲ್ಲ ಅಂದ ಸರ್, ನಿಮ್ಮ ಮಾತು ನೂರಕ್ಕೆ ನೂರು ಸರಿ, ಆದರೆ ಸಭೆಗೆ ಹೇಗೂ ಬರಲೇಬೇಕಲ್ಲ.

ಕಾಲುದಾರಿ

ನಾನು ಶಿಕ್ಷಕಿ ಅಲ್ಲ, ಶಾಲೆಗಳ ಜೊತೆ ಕೆಲಸ ಮಾಡ್ತೇನೆ. ಚಿಗರಿ ಪ್ರಶ್ನೆ ಯಾರೂ ಮುಟ್ಟಲಿಲ್ಲ, ಅದಕ್ಕೆ ಬರೀತಿದ್ದೇನೆ.

ಆ ಹುಡುಗನಿಗೆ ಉತ್ತರ ಕೊಡಬೇಡಿ ಸರ್, ಅವನ ಅಪ್ಪನನ್ನೇ ಶಾಲೆಗೆ ಕರೀರಿ. ಚಿಗರಿ ಯಾವ ತಿಂಗಳು ಬರುತ್ತೆ, ಎಷ್ಟು ಎತ್ತರದ ಬೆಳೆ ತಿನ್ನುತ್ತೆ, ಮುಂಚೆ ಎಲ್ಲಿ ಮೇಯ್ತಿತ್ತು, ಇವೆಲ್ಲ ಅವರಿಗೆ ಗೊತ್ತು. ಬೆಳೆ ಹಾಳಾದರೆ ಪರಿಹಾರಕ್ಕೆ ಅರ್ಜಿ ಎಲ್ಲಿ ಕೊಡಬೇಕು ಅಂತ ಮಕ್ಕಳೇ ಅರಣ್ಯ ಇಲಾಖೆಯವರನ್ನು ಕೇಳಲಿ. ಅದೂ ಪರಿಸರ ಪಾಠವೇ.

ಇನ್ನೊಂದು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಆಗಿದ್ದು 1974ರಲ್ಲಿ, ಅಂದಾಜು 119 ಚದರ ಕಿಲೋಮೀಟರ್. ಅದರಲ್ಲಿ ಬಹುಪಾಲು ನೀಲಗಿರಿ ನೆಡುತೋಪು. ಚಿಗರಿಗೆ ಬೇಕಾದ್ದು ಬಯಲು, ಹುಲ್ಲು. ಗಿಡ ನೆಟ್ಟರೆ ಎಲ್ಲಾ ಸರಿಹೋಗುತ್ತೆ ಅಂತ ತರಬೇತಿಯಲ್ಲಿ ಹೇಳ್ತೀವಲ್ಲ, ನಿಮ್ಮೂರಲ್ಲಿ ಅದು ಅಷ್ಟು ಸುಲಭ ಇಲ್ಲ. ಅದನ್ನು ಹೇಳೋಕೆ ಶಿಕ್ಷಕರಿಗೆ ಧೈರ್ಯ ಬರಬೇಕಾದರೆ ಅವರ ಊರಿನ ನೆಲದ ಬಗ್ಗೆಯೇ ತರಬೇತಿ ಕೊಡಬೇಕು, ಸಿಂಗಳೀಕದ ಬಗ್ಗೆ ಅಲ್ಲ.

ಹೊಂಗೆ ಮೇಡಂ ಹೇಳಿದ್ದನ್ನು ವರ್ಷಪೂರ್ತಿ ಮುಂದುವರಿಸಬೇಕು ಅನಿಸಿದರೆ ಸೀಸನ್‌ವಾಚ್ ಅನ್ನೋ ಮರ ಗಮನಿಸುವ ಕಾರ್ಯಕ್ರಮ ನೋಡಿ. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂವು, ಕಾಯಿ ಎಷ್ಟಿದೆ ಅಂತ ಬರೆದಿಡೋದು, ಅಷ್ಟೇ. ಕೇರಳದ ಶಾಲೆಗಳು ಇದರಲ್ಲಿ ತುಂಬಾ ಮುಂದಿವೆ. ಐದು ನಿಮಿಷದ ಕೆಲಸ, ಬಿಸಿಯೂಟದ ಸಾಲಿನಲ್ಲಿ ನಿಂತಾಗಲೂ ಆಗುತ್ತೆ.

ಬಯಲುಸೀಮೆ ಮೇಷ್ಟ್ರು

ತಡವಾಗಿ ಬರೀತಿದ್ದೇನೆ, ಕ್ಷಮಿಸಿ. ಎಲೆ ಪಾಠ ಮಾಡಿದೆ. ಮೊದಲ ಹತ್ತು ನಿಮಿಷ ಬರೀ ಗದ್ದಲ, ಇಬ್ಬರು ಮರ ಹತ್ತಿಬಿಟ್ಟರು. ಆಮೇಲೆ ಒಬ್ಬಳು ಬಿಳಿ ಮಚ್ಚೆಯನ್ನು ಉಗುರಿನಿಂದ ಬಿಡಿಸಿ ಹುಳ ತೆಗೆದಳು ನೋಡಿ, ಎಲ್ಲರೂ ನೆಲಕ್ಕೆ ಕೂತರು. ಅದು ಬೆಳೆದು ಏನಾಗುತ್ತೆ ಅಂತ ಕೇಳಿದರು, ಗೊತ್ತಿಲ್ಲ ಅಂದೆ. ಏನೂ ಆಗಲಿಲ್ಲ. ಈಗ ಗಾಜಿನ ಬಾಟಲಿಯಲ್ಲಿ ಮಚ್ಚೆ ಇರುವ ಮೂರು ಎಲೆ ಹಾಕಿ ಕಾಯ್ತಿದ್ದೇವೆ.

ಹುಡುಗನ ಅಪ್ಪ ಶನಿವಾರ ಬಂದಿದ್ದರು. ಬಾಗಿಲ ಹತ್ತಿರವೇ ನಿಂತು ಮಾತಾಡಿದರು, ಕುರ್ಚಿ ಕೊಟ್ಟರೂ ಕೂರಲಿಲ್ಲ. "ಮುಂಚೆ ಗೋಮಾಳ ಇತ್ತು, ಅಲ್ಲೇ ಮೇಯತಿದ್ವು. ಈಗ ಅದೂ ಹೊಲ ಆಗೇತಿ. ಅವಾದ್ರೂ ಎಲ್ಲಿ ಹೋಗಬೇಕ್ರಿ" ಅಂದರು. ಬೈಯ್ತಾರೆ ಅಂದುಕೊಂಡಿದ್ದೆ. ಅರ್ಜಿ ವಿಷಯ ಹೇಳೋಕೆ ಬುಧವಾರ ಅರಣ್ಯ ಇಲಾಖೆಯವರು ಬರ್ತಾರಂತೆ.

ಸಿಆರ್‌ಪಿ ಕೂಡ ಒಪ್ಪಿದ್ದಾರೆ, ಮುಂದಿನ ಸಭೆ ನಮ್ಮ ಅಂಗಳದಲ್ಲೇ. ಯಾರ ಹತ್ತಿರವಾದರೂ ಭೂತಗನ್ನಡಿ ಜಾಸ್ತಿ ಇದ್ದರೆ ಹೇಳಿ, 22 ಮಕ್ಕಳಿಗೆ ಎರಡೇ ಇವೆ, ಅದರಲ್ಲೂ ಒಂದಕ್ಕೆ ಹಿಡಿ ಇಲ್ಲ.